ಬಿಳಿಗಿರಿ ಕಾಡಿನ ಬೆಂಕಿ: ತರಗು ಸುಟ್ಟ ಕಾಲದಿಂದ ಲಂಟಾನ ಉರಿಯುವ ಕಾಲದವರೆಗೆ

ಜನವರಿ ಬಂತೆಂದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಕಿ ರೇಖೆಯ, ಅಂದರೆ ಕಾಡ್ಗಿಚ್ಚು ದಾಟದಂತೆ ಮೊದಲೇ ಸುಟ್ಟಿಡುವ ಪಟ್ಟಿಯ ಕೆಲಸ ಜೋರಾಗುತ್ತದೆ. ರಸ್ತೆಯ ಎರಡೂ ಬದಿ, ವಲಯದ ಗಡಿಯುದ್ದಕ್ಕೂ ಹುಲ್ಲು, ಪೊದೆ ಸವರಿ ಕೆಲವು ದಿನ ಒಣಗಲು ಬಿಡುತ್ತಾರೆ. ಆಮೇಲೆ ಗಾಳಿ ಏಳುವ ಮುಂಚೆ, ನೆಲದಲ್ಲಿ ಇಬ್ಬನಿಯ ತಂಪು ಇನ್ನೂ ಇರುವಾಗಲೇ, ಸವರಿದ್ದಕ್ಕೆ ಬೆಂಕಿ ಕೊಡುತ್ತಾರೆ. ಒಬ್ಬ ಮುಂದೆ ಹಚ್ಚುತ್ತಾ ಹೋದರೆ ಉಳಿದವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಅಂಚು ಕಾಯುತ್ತಾರೆ. ಬೆಂಕಿ ಪಟ್ಟಿ ದಾಟಿತೋ, ಸೊಪ್ಪು ಬೀಸಿ ಬಡಿಯಬೇಕು. ಮೇಲೆತ್ತಿ ಹೊಡೆದರೆ ಕಿಡಿ ಹಾರುತ್ತದೆ. ಹಾಗಾಗಿ ಸೊಪ್ಪನ್ನು ಉರಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯುತ್ತಾರೆ. ನೋಡಲು ಸುಲಭ, ಮಾಡಿದವರಿಗೇ ಗೊತ್ತು ಅದರ ಕಷ್ಟ.

ಈ ಕೆಲಸ ಮಾಡುವ ದಿನಗೂಲಿ ನೌಕರರಲ್ಲಿ, ಬೇಸಿಗೆಯ ಫೈರ್ ವಾಚರ್‌ಗಳಲ್ಲಿ ಬಹಳ ಜನ ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು. ಅವರ ಅಜ್ಜ ಅಜ್ಜಿಯರು ಹೆಚ್ಚೂಕಡಿಮೆ ಇದೇ ದಿನಗಳಲ್ಲಿ ಕಾಡಿಗೆ ಬೆಂಕಿ ಇಡುತ್ತಿದ್ದರು. ಅಭಯಾರಣ್ಯದ ಕಾನೂನು ಅದನ್ನು ತಡೆದು ಅರ್ಧ ಶತಮಾನ ಆಯಿತು. ಈಗ ಮೊಮ್ಮಕ್ಕಳು ಬೇರೆಯವರು ಗುರುತು ಹಾಕಿಕೊಟ್ಟ ಪಟ್ಟಿಯೊಳಗೆ ಕೂಲಿಗೆ ಬೆಂಕಿ ಇಡುತ್ತಾರೆ. ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ, ಟಿವಿಯಲ್ಲಿ ಅದೇ ಪ್ರಶ್ನೆ: ಕಾಡಿಗೆ ಬೆಂಕಿ ಬೇಕಾ, ಬೇಡವಾ? ಒಂದು ಕಡೆಯವರು ಕಾಡನ್ನು ಮುಚ್ಚುತ್ತಿರುವ ಲಂಟಾನ ಎಂಬ ಕಳೆಪೊದೆಯನ್ನು ಬೆಂಕಿಯೇ ತಂದಿತು ಅನ್ನುತ್ತಾರೆ. ಇನ್ನೊಂದು ಕಡೆಯವರು ಬೆಂಕಿ ನಿಲ್ಲಿಸಿದ್ದೇ ಲಂಟಾನ ತಂದಿತು ಅನ್ನುತ್ತಾರೆ. ಇದು ಇಷ್ಟು ಗೋಜಲಾಗಿದ್ದು ಹೇಗೆ ಅಂತ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1864ರಲ್ಲಿ ಬ್ರಿಟಿಷರು ಅರಣ್ಯ ಇಲಾಖೆ ಕಟ್ಟಿದರು. ಅವರಿಗೆ ಕಾಡು ಎಂದರೆ ಮರ, ಅದರಲ್ಲೂ ಹಡಗಿಗೆ, ರೈಲು ಹಳಿಗೆ ಆಗುವ ಮರ. ಬೆಂಕಿ ಆ ಮರದ ಶತ್ರು. ಅದೇ ದಶಕದಲ್ಲಿ ಮಧ್ಯ ಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿ ತಡೆಯುವ ಪ್ರಯೋಗ ಶುರುವಾಯಿತು. 1878ರ ಕಾಯ್ದೆಯಿಂದ 1927ರ ಭಾರತೀಯ ಅರಣ್ಯ ಕಾಯ್ದೆಯವರೆಗೆ, ಆಮೇಲೆ ನಮ್ಮದೇ ರಾಜ್ಯದ 1963ರ ಅರಣ್ಯ ಕಾಯ್ದೆಯಲ್ಲೂ, ಮೀಸಲು ಕಾಡಿಗೆ ಬೆಂಕಿ ಇಡುವುದು ತಪ್ಪು ಎಂಬ ಮಾತು ಹಾಗೇ ಉಳಿಯಿತು. ನಡುವೆ ಅರಣ್ಯಾಧಿಕಾರಿಗಳಿಗೇ ಅನುಮಾನ ಬಂದಿದ್ದೂ ಇದೆ. ಬರ್ಮಾದ ತೇಗ, ಅಸ್ಸಾಮಿನ ಸಾಲ್ ಮರದ ಸಸಿಗಳು ಬೆಂಕಿ ಪೂರ್ತಿ ನಿಲ್ಲಿಸಿದ ಕಡೆ ಸರಿಯಾಗಿ ಏಳಲಿಲ್ಲ. ಬೇಸಿಗೆ ಬಲಿಯುವ ಮೊದಲೇ ಹದವಾಗಿ ಸುಡುವ ಪದ್ಧತಿಯನ್ನು ಕೆಲವು ಕಡೆ ಮತ್ತೆ ತಂದರು. ಆದರೆ ಅನುಮಾನ ಕಡತದಲ್ಲಿ ಉಳಿಯಿತು, ಕಾನೂನು ಬದಲಾಗಲಿಲ್ಲ.

ಬಿಳಿಗಿರಿಯ ಒಳಗಿನ ಕಥೆ ಬೇರೆ ಇತ್ತು. ಸೋಲಿಗರು ಪೋಡು ಎಂಬ ಸಣ್ಣ ಹಾಡಿಗಳಲ್ಲಿ ಇದ್ದುಕೊಂಡು, ಸಣ್ಣ ತುಂಡು ಕಾಡು ಸವರಿ ಸುಟ್ಟು ರಾಗಿ ಬಿತ್ತಿ, ಕೆಲವು ವರ್ಷಕ್ಕೆ ಜಾಗ ಬದಲಿಸುತ್ತಿದ್ದರು. ಅದರ ಜೊತೆಗೆ ಇದ್ದದ್ದು ತರಗು ಬೆಂಕಿ. ಹೆಸರೇ ಹೇಳುವಂತೆ ಅದು ಬಿದ್ದ ತರಗೆಲೆಯನ್ನು, ಒಣಹುಲ್ಲನ್ನು ಮಾತ್ರ ಸುಡುವ ಬೆಂಕಿ. ಬೇಸಿಗೆ ಬಲಿಯುವ ಮುಂಚೆ, ಹುಲ್ಲು ಅರೆ ಒಣಗಿದಾಗ ಹಚ್ಚುವುದು. ಉರಿ ಮೊಣಕಾಲಿನ ಎತ್ತರ ದಾಟುವುದು ಕಷ್ಟ. ಹಳ್ಳ ಬಂದರೆ, ನೆರಳಿನ ತಂಪು ಬಂದರೆ, ಸಂಜೆಯ ಇಬ್ಬನಿ ಬಿದ್ದರೆ ತಾನೇ ಆರುತ್ತದೆ. ದೊಡ್ಡ ಮರದ ತೊಗಟೆ ಕಪ್ಪಾಗುತ್ತದೆ, ಮರ ಉಳಿಯುತ್ತದೆ. ಹೊಸ ಹುಲ್ಲು ಬರುತ್ತದೆ, ಕಡವೆ ಜಿಂಕೆ ಬರುತ್ತವೆ. ನಡೆಯಲು ದಾರಿ ಕಾಣುತ್ತದೆ. ಆನೆ ಎದುರಿಗೆ ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ಕಾಡಿನೊಳಗೆ ಬದುಕುವವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಬೆಂಕಿಯ ಬಗ್ಗೆ ಸೋಲಿಗರು ಹೇಳುವ ಇನ್ನೊಂದು ವಿಷಯ ನೆಲ್ಲಿ ಮರದ್ದು. ನೆಲ್ಲಿಕಾಯಿ ಅವರ ಆದಾಯದ ದೊಡ್ಡ ಭಾಗ. ನೆಲ್ಲಿ ಕೊಂಬೆಗೆ ಉಪ್ಪಿಲು ಎಂಬ ಬದನಿಕೆ ಗಿಡ ಹತ್ತುತ್ತದೆ. ಅದರ ಹಣ್ಣು ಅಂಟಂಟು. ತಿಂದ ಪುಟ್ಟ ಹಕ್ಕಿ ಬೀಜವನ್ನು ಇನ್ನೊಂದು ಕೊಂಬೆಗೆ ಮೆತ್ತಿ ಹೋಗುತ್ತದೆ. ಅಲ್ಲಿ ಬೇರು ಇಳಿಸಿ ಮರದ ರಸ ಹೀರುತ್ತದೆ. ಕೊಂಬೆ ಒಣಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ತರಗು ಬೆಂಕಿ ಇದ್ದಾಗ ಉಪ್ಪಿಲು ಹತೋಟಿಯಲ್ಲಿತ್ತು, ಬೆಂಕಿ ನಿಂತ ಮೇಲೆ ಮರ ಮರಕ್ಕೂ ಹತ್ತಿತು ಎನ್ನುವುದು ಹಿರಿಯರ ಮಾತು. ಮೊದಮೊದಲು ಹೊರಗಿನವರು ಇದನ್ನು ಸುಮ್ನೆ ಹೇಳುವ ಮಾತು ಅಂದುಕೊಂಡರು. ಆಮೇಲೆ ನೆಲ್ಲಿ ಮರಗಳನ್ನು ವರ್ಷಗಟ್ಟಲೆ ಎಣಿಸಿದ ಸಂಶೋಧಕರೇ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು, 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿ.ಮೀ.ಗೆ ಏರಿತು. ಬೇಟೆ ನಿಂತಿತು. ನಿಲ್ಲಲೇಬೇಕಿತ್ತು ಎಂದು ಇವತ್ತು ಹೇಳುವವರು ಜಾಸ್ತಿ. ಜಾಗ ಬದಲಿಸುವ ಬೇಸಾಯ ನಿಂತಿತು, ಪೋಡುಗಳು ಒಂದೆಡೆ ನೆಲೆಯೂರಿದವು. ಕಾಯ್ದೆಯ 30ನೇ ಕಲಂ ಅಭಯಾರಣ್ಯಕ್ಕೆ ಬೆಂಕಿ ಇಡುವುದನ್ನು ನಿಷೇಧಿಸುತ್ತದೆ. ಬೀಡಿ ಎಸೆದು ಹೋದವನೂ, ಕಾಲ ನೋಡಿ ತರಗು ಸುಟ್ಟವನೂ ಅದರ ಮುಂದೆ ಒಂದೇ. ಆಗ ಕಾಡು ಎಲ್ಲಾ ಕಡೆ ಕರಗುತ್ತಿತ್ತು, ಇದ್ದದ್ದನ್ನು ಉಳಿಸುವ ಆತುರ ನಿಜವಾಗಿತ್ತು. ಆ ಆತುರದಲ್ಲಿ ಯಾವ ಬೆಂಕಿ, ಯಾವ ತಿಂಗಳ ಬೆಂಕಿ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಬೆಂಕಿ ನಿಂತ ಕಾಡಿನಲ್ಲಿ ತರಗು ರಾಶಿಯಾಯಿತು. ಜೊತೆಗೆ ಲಂಟಾನ ಬಂತು. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ಹೂವಿನ ಚಂದಕ್ಕೆಂದು ತಂದಿದ್ದರು. ಬಿಳಿಗಿರಿಯಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಗುರುತು ಮಾಡಿದ ತುಂಡು ಜಾಗಗಳನ್ನು ನೋಡಿದಾಗ, 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದು 81 ಆಗಿತ್ತು. ಹನ್ನೊಂದೇ ವರ್ಷ! ಕಾಡಿನೊಳಗೆ ಹೊಕ್ಕರೆ ತಲೆ ಮೇಲಿನವರೆಗೆ ಪೊದೆ. ಹುಲ್ಲು ಸತ್ತಿತು, ಸಸಿಗಳಿಗೆ ಬೆಳಕು ಸಿಗಲಿಲ್ಲ.

ಇಲ್ಲಿಂದಲೇ ವಾದ ಎರಡಾಯಿತು. ಲಂಟಾನ ಸುಟ್ಟರೆ ಬುಡದಿಂದ ಚಿಗುರುತ್ತದೆ, ಬೆಂಕಿಯಿಂದ ತೆರವಾದ ಜಾಗಕ್ಕೆ ಮೊದಲು ನುಗ್ಗುವುದೂ ಅದೇ. ಮತ್ತೆ ಅದೇ ಒಣಗಿ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಬೆಂಕಿ ಮತ್ತು ಲಂಟಾನ ಒಂದನ್ನೊಂದು ಬೆಳೆಸುತ್ತವೆ ಎಂಬ ಊಹೆಯನ್ನು ಸಂಶೋಧಕರು 2005ರಲ್ಲಿ ಮುಂದಿಟ್ಟರು. ಸೋಲಿಗರು ಹೇಳಿದ್ದು ತದ್ವಿರುದ್ಧ: ವರ್ಷವರ್ಷ ಸಣ್ಣ ಬೆಂಕಿ ಬೀಳುತ್ತಿದ್ದಾಗ ಎಳೆ ಲಂಟಾನ ತಲೆ ಎತ್ತಲು ಆಗುತ್ತಿರಲಿಲ್ಲ. ನನಗೆ ಎರಡೂ ಸರಿ ಅನ್ನಿಸುತ್ತದೆ. ಗಿಡ ಅಲ್ಲೊಂದು ಇಲ್ಲೊಂದು ಇದ್ದಾಗ ತೆಳ್ಳನೆಯ ಬೆಂಕಿ ಅದನ್ನು ತಡೆಯಬಲ್ಲದು. ಪೊದೆ ಆಳೆತ್ತರ ಬೆಳೆದು ಮರಕ್ಕೆ ಹಬ್ಬಿದ ಮೇಲೆ ಅದೇ ಪೊದೆ ಏಣಿಯಾಗುತ್ತದೆ, ಉರಿ ನೆಲದಿಂದ ತುದಿಗೆ ಏರುತ್ತದೆ. ಆಗ ತರಗು ಬೆಂಕಿ ಎಂಬುದೇ ಸಾಧ್ಯವಿಲ್ಲ. ಈಗ ಬೆಂಕಿ ಇಟ್ಟರೆ ಕಾಡೇ ಹೋಗುತ್ತದೆ ಎಂದು ಎಚ್ಚರಿಸುವವರಲ್ಲಿ ಸೋಲಿಗ ಹಿರಿಯರೂ ಇದ್ದಾರೆ. ಹಳೆಯ ಪದ್ಧತಿ ಬೇಕು ಎನ್ನುವವರು ಈ ಮಾತನ್ನೂ ಕೇಳಿಸಿಕೊಳ್ಳಬೇಕು.

ಕಾನೂನು ಇನ್ನಷ್ಟು ಬಿಗಿಯಾಯಿತು. 2000ದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಭಯಾರಣ್ಯಗಳಿಂದ ಒಣಗಿದ, ಗಾಳಿಗೆ ಬಿದ್ದ ಮರ, ಹುಲ್ಲು ತೆಗೆಯುವುದನ್ನು ತಡೆಯಿತು. ಒಣಮರದ ಹೆಸರಲ್ಲಿ ನಡೆಯುತ್ತಿದ್ದ ಕಳ್ಳ ದಂಧೆಗೆ ಅದು ಕಡಿವಾಣ. ಆದರೆ ಉರಿಯುವ ವಸ್ತು ಕಾಡಿನಲ್ಲೇ ಉಳಿಯಿತು. ಮುಂದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೂ ತಡೆ ಬಿತ್ತು. ಜೇನು, ನೆಲ್ಲಿ, ಪಾಚಿಗೆಂದು ಓಡಾಡುವವರು ಕಡಿಮೆಯಾದರೆ ಹೊಗೆಯನ್ನು ಮೊದಲು ಕಾಣುವ ಕಣ್ಣೂ ಕಡಿಮೆಯಾಗುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಗಾಳಿಯ ದಿಕ್ಕನ್ನು ಬದಲಿಸಿತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಕಾಡುಗಳಲ್ಲೇ ಅದು ಮೊದಲು. ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ನಿರ್ವಹಣೆ ಅಂದರೆ ಬೆಂಕಿಯೂ ಸೇರಿತೇ? ವನ್ಯಜೀವಿ ಕಾಯ್ದೆಯ 30ನೇ ಕಲಂ ಇನ್ನೂ ಹಾಗೇ ಇದೆ. ಎರಡು ಕಾಯ್ದೆಗಳ ನಡುವೆ ಈ ಪ್ರಶ್ನೆ ನಿಂತೇ ಇದೆ, ತರಗು ಬೆಂಕಿ ಕಂಡ ತಲೆಮಾರಿಗೆ ವಯಸ್ಸಾಗುತ್ತಿದೆ.

ಬೆಂಕಿ ಮಾತ್ರ ಕಾಯಲಿಲ್ಲ. ಪಕ್ಕದ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಬಿಟ್ಟರು. 2019ರ ಫೆಬ್ರವರಿಯಲ್ಲಿ ಅಲ್ಲೇ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್ಟಿನಲ್ಲಿ ನೀರು ತಂದು ಸುರಿದವು. ಮರುವರ್ಷದಿಂದ ಬೆಂಕಿ ರೇಖೆ, ತರಗೆಲೆ ಊದಿ ಸರಿಸುವ ಬ್ಲೋವರ್, ಕಾವಲು ಗೋಪುರದ ಮಾತು ಹೆಚ್ಚಿತು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಬೆಂಕಿ ಗುರುತಿಸುತ್ತಿದೆ, ಈಗ ಎಚ್ಚರಿಕೆ ಮೊಬೈಲಿಗೇ ಬರುತ್ತದೆ. ಇದೆಲ್ಲ ಬೇಕು. ಆದರೆ ಉಪಗ್ರಹ ಕಾಣುವುದು ಹತ್ತಿದ ಬೆಂಕಿಯನ್ನು. ಅದಕ್ಕೂ ಮುಂಚಿನ ತರಗನ್ನು, ಲಂಟಾನವನ್ನು ಯಾರಾದರೂ ನಡೆದು ಹೋಗಿ ನೋಡಬೇಕು.

ಈಗ ಒಪ್ಪಿಗೆ ಮೂಡುತ್ತಿರುವುದು ಒಂದೇ ವಿಷಯದಲ್ಲಿ: ಮೊದಲು ಲಂಟಾನ ಇಳಿಸಬೇಕು. ಸವರಿದರೆ ಸಾಲದು, ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ತೋರಿಸಿದ ಕ್ರಮದಲ್ಲಿ, ಬುಡದ ಪಕ್ಕ ಗುದ್ದಲಿ ಇಳಿಸಿ, ಚಿಗುರೊಡೆಯುವ ಭಾಗದ ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ಎತ್ತಿ ಬೇರು ಮೇಲೆ ಬರುವಂತೆ ಮಗುಚಿ ಹಾಕುತ್ತಾರೆ. ಮಣ್ಣು ತಾಗದ ಬೇರು ಒಣಗುತ್ತದೆ. ಆಮೇಲೂ ಎರಡು ಮೂರು ಮಳೆಗಾಲ ಅದೇ ಜಾಗಕ್ಕೆ ಬಂದು ಬೀಜದಿಂದ ಎದ್ದ ಸಸಿ ಕೀಳಬೇಕು, ಹುಲ್ಲು ಬರುವವರೆಗೆ ಕಾಯಬೇಕು. ಹುಲ್ಲು ಬಂದ ಮೇಲೆ ಒಂದೆರಡು ತುಂಡು ಜಾಗದಲ್ಲಾದರೂ ಗ್ರಾಮಸಭೆ, ಇಲಾಖೆ, ಸಂಶೋಧಕರು ಸೇರಿ ತರಗು ಬೆಂಕಿ ಇಟ್ಟು ನೋಡಬಹುದು. ಕಾಲ ಗುರುತಿಸಬಲ್ಲ ಹಿರಿಯರು ಕೆಲವು ಪೋಡುಗಳಲ್ಲಿ ಇನ್ನೂ ಇದ್ದಾರೆ.

ಸದ್ಯಕ್ಕೆ ಫೈರ್ ವಾಚರ್‌ಗಳ ಕೆಲಸ ಮಳೆ ಶುರುವಾದರೆ ಮುಗಿಯುತ್ತದೆ. ಲಂಟಾನದ ಸಸಿ ಏಳುವುದು ಆಗಲೇ. ಅದನ್ನು ಕೀಳಬೇಕಾದ ಕೈಗಳು ಆ ಹೊತ್ತಿಗೆ ಬೇರೆ ಕಡೆ ಕೂಲಿ ಹುಡುಕಿಕೊಂಡು ಹೋಗಿರುತ್ತವೆ.