ನೀರು ಕೊಡುವ ನಾಲ್ಕು ಗಂಟೆ

ಕಲ್ಲುದಾರಿಯ ಮೇಲೆ ಆಗ ಪಾದ ಮುಳುಗುವಷ್ಟು ನೀರಿತ್ತು. ಅಪ್ಪ, ಅಮ್ಮ, ಎಂಟು ವರ್ಷದ ಮಗಳು ದ್ವೀಪದ ಕೊನೆಯ ಬಂಡೆಯ ಮೇಲೆ ನಿಂತಿದ್ದರು. ದಡ ಕಣ್ಣೆದುರಿಗೇ ಇತ್ತು. ಮುನ್ನೂರು ಮೀಟರ್ ಇರಬಹುದು. "ಇಷ್ಟೇ ನೀರಲ್ವಾ, ಬೇಗ ಬೇಗ ನಡೆದರೆ ದಾಟಿಬಿಡಬಹುದು" ಅಂದರು ಅಪ್ಪ. ನಾನು ವಾದ ಮಾಡಲಿಲ್ಲ. ನನ್ನ ಕೋಲನ್ನು ಅವರ ಕೈಗೆ ಕೊಟ್ಟು, ನೀರಿನ ಅಂಚಿನಲ್ಲಿ ಮರಳಿಗೆ ಚುಚ್ಚಿ ಅಂದೆ. ಹತ್ತು ನಿಮಿಷ ಎಲ್ಲರೂ ಸುಮ್ನೆ ನಿಂತೆವು. ಕೋಲಿನ ಮೇಲೆ ಒಂದು ಗೇಣು ನೀರು ಏರಿತ್ತು. ದಾರಿಯ ನಡುಭಾಗ ನಾವು ನಿಂತ ಜಾಗಕ್ಕಿಂತ ತಗ್ಗು. ಅಲ್ಲಿ ಎಷ್ಟು ನೀರಿರಬಹುದು ಅಂತ ಅವರೇ ಲೆಕ್ಕ ಹಾಕಿದರು. ಮಗಳ ಕೈ ಹಿಡಿದು ಮೇಲಕ್ಕೆ ಹತ್ತಿದರು. ದಾರಿ ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ಆರು ಗಂಟೆ ಕಳೆದಿತ್ತು.

ಇಳಿತದ ಹೊತ್ತಿನಲ್ಲಿ ನಡೆದು ಹೋಗಬಹುದಾದ ಲೈಟ್‌ಹೌಸ್ ದ್ವೀಪಗಳಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಇಂಥ ಜಾಗಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಇಂಗ್ಲೆಂಡಿನ ವಿಟ್ಲಿ ಬೇ ಹತ್ತಿರದ ಸೇಂಟ್ ಮೇರೀಸ್ ದ್ವೀಪದಲ್ಲಿ 1898ರ ಲೈಟ್‌ಹೌಸ್ ಇದೆ. ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಯಲ್ಲಿ 1856ರ ಬ್ಯಾಟರಿ ಪಾಯಿಂಟ್ ಇದೆ. ಎರಡಕ್ಕೂ ನಡೆದುಕೊಂಡು ಹೋಗಬೇಕಾದರೆ ನೀರು ಇಳಿದಿರಬೇಕು. ದ್ವೀಪದಲ್ಲಿ ಏನೇನು ನೋಡಬೇಕು ಅಂತ ಕೇಳುವವರೇ ಜಾಸ್ತಿ. ವಾಪಸ್ ಬರುವುದು ಎಷ್ಟು ಹೊತ್ತಿಗೆ ಅಂತ ಕೇಳುವವರು ಕಡಿಮೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಹೊರಡುವ ಹೊತ್ತು ಗೊತ್ತಾದರೆ ಉಳಿದ ಹೊತ್ತನ್ನು ನಿರಾಳವಾಗಿ ಕಳೆಯಬಹುದು.

ಬಹಳಷ್ಟು ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ಮಧ್ಯಾಹ್ನ ಒಂದಕ್ಕಿದ್ದರೆ ನಾಳೆ ಹೆಚ್ಚುಕಡಿಮೆ ಒಂದು ಐವತ್ತಕ್ಕೆ. ಕಳೆದ ಶನಿವಾರ ಗೆಳೆಯ ಆರಾಮಾಗಿ ಹೋಗಿಬಂದ ಸಮಯಕ್ಕೇ ಈ ಶನಿವಾರ ನೀವು ಹೋದರೆ ಎದುರಿಗೆ ಇರುವುದು ಬೇರೆಯೇ ಸಮುದ್ರ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ತುಂಬಾ ಏರುತ್ತದೆ, ತುಂಬಾ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಕೆಲವು ದ್ವೀಪಗಳ ದಾರಿ ಆ ದಿನಗಳಲ್ಲಿ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರ ಹಳೆಯ ಲೆಕ್ಕ ಒಂದಿದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಇಳಿತ ಮುಗಿದ ಮೊದಲ ಗಂಟೆಯಲ್ಲಿ ಒಂದು ಪಾಲು ಏರುತ್ತದೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ಮತ್ತೆ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಏರಿಳಿತ ಆರು ಮೀಟರ್ ಇರುವ ಕಡೆ ಮೊದಲ ಗಂಟೆಯಲ್ಲಿ ಬರುವುದು ಅರ್ಧ ಮೀಟರ್. ಮೂರನೆಯ ಗಂಟೆಯಲ್ಲಿ ಬರುವುದು ಒಂದೂವರೆ ಮೀಟರ್. ಜನ ಮೋಸ ಹೋಗುವುದು ಇಲ್ಲೇ. ಮೊದಲ ಗಂಟೆ ನೀರನ್ನು ನೋಡಿ "ನಿಧಾನಕ್ಕೆ ಬರ್ತಾ ಇದೆ" ಅಂದುಕೊಳ್ಳುತ್ತಾರೆ. ಅದೇ ಲೆಕ್ಕದಲ್ಲಿ ಇನ್ನೊಂದು ಗಂಟೆ ಫೋಟೊ ತೆಗೆಯುತ್ತಾ ನಿಲ್ಲುತ್ತಾರೆ.

ಎರಡನೆಯ ತಪ್ಪು, ಉಬ್ಬರ ಇಳಿತದ ಸಮಯಪಟ್ಟಿಯಲ್ಲಿ ಇಳಿತ ಒಂದು ಗಂಟೆಗೆ ಅಂತ ಓದಿ ಒಂದು ಗಂಟೆಗೇ ದಡಕ್ಕೆ ಬರುವುದು. ಒಂದು ಗಂಟೆ ಅಂದರೆ ನೀರು ತಿರುಗುವ ಹೊತ್ತು. ಅಷ್ಟರಲ್ಲಿ ನಿಮ್ಮ ಅರ್ಧ ಸಮಯ ಕಳೆದುಹೋಗಿರುತ್ತದೆ. ದಾರಿ ಹತ್ತರಿಂದ ನಾಲ್ಕರವರೆಗೆ ತೆರೆದಿರುತ್ತದೆ ಅಂತಿಟ್ಟುಕೊಳ್ಳಿ. ನಾನು ಹತ್ತೂವರೆಗೆ, ಇಳಿಯುವ ನೀರಿನ ಹಿಂದೆಯೇ ಹೊರಡುತ್ತೇನೆ. ಎರಡೂವರೆಗೆ ಎಲ್ಲರ ಕಾಲೂ ದಡದ ಮೇಲೆ ಇರಬೇಕು. ಆರು ಗಂಟೆಯಲ್ಲಿ ನಾನು ಎಣಿಸುವುದು ನಾಲ್ಕನ್ನೇ. ಉಳಿದ ಎರಡು ಗಂಟೆ ಉಳುಕಿದ ಕಾಲಿಗೆ, ಹಿಂದೆ ಬಿದ್ದ ಮಗುವಿಗೆ, ಮರೆತು ಬಂದ ಬ್ಯಾಗಿಗೆ. ಗಾಳಿಗೂ ಅದರಲ್ಲಿ ಪಾಲಿದೆ. ಸಮುದ್ರದಿಂದ ದಡಕ್ಕೆ ಜೋರಾಗಿ ಬೀಸುವ ಗಾಳಿ ನೀರನ್ನು ದೂಡಿಕೊಂಡು ಬರುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಮೇಲೇರುತ್ತದೆ. ಪಟ್ಟಿಯಲ್ಲಿ ಇರುವುದು ಚಂದ್ರ, ಸೂರ್ಯರ ಲೆಕ್ಕ. ಆ ದಿನದ ಹವಾಮಾನ ಅದರಲ್ಲಿ ಇರುವುದಿಲ್ಲ. ಪಟ್ಟಿ ಯಾವ ಬಂದರಿನದು ಅನ್ನುವುದನ್ನೂ ನೋಡಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶವಾದರೆ, ಆ ಒಂದು ಗಂಟೆ ಪಟ್ಟಿಯಲ್ಲಿ ಸೇರಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಕಲ್ಲುದಾರಿ ಇಲ್ಲದೆ ಬರೀ ಮರಳಿನ ಮೇಲೆ ನಡೆಯುವ ಕಡೆ ಇನ್ನೊಂದು ವಿಷಯ ಗೊತ್ತಿರಬೇಕು. ನೀರು ಯಾವಾಗಲೂ ಎದುರಿನಿಂದ ಬರುವುದಿಲ್ಲ. ಮರಳು ನೋಡಲು ಚಪ್ಪಟೆ, ಆದರೆ ಅದರಲ್ಲಿ ತಗ್ಗು ಕಾಲುವೆಗಳಿರುತ್ತವೆ. ಉಬ್ಬರ ಮೊದಲು ಆ ಕಾಲುವೆಗಳಿಗೆ ನುಗ್ಗುತ್ತದೆ. ನೀವು ನಡುವಿನ ದಿಬ್ಬದ ಮೇಲೆ ಒಣ ಮರಳಿನಲ್ಲಿ ನಿಂತು, ದೂರದಲ್ಲಿ ಕಾಣುವ ಸಮುದ್ರವನ್ನು ನೋಡುತ್ತಿರುತ್ತೀರಿ. ಬೆನ್ನ ಹಿಂದೆ, ದಡಕ್ಕೂ ನಿಮಗೂ ನಡುವೆ, ಸೊಂಟದಷ್ಟು ನೀರು ಹರಿಯುತ್ತಿರುತ್ತದೆ. ಹೋಗುವಾಗ ದಾಟಿದ ಪ್ರತಿ ತಗ್ಗನ್ನೂ ನಾನು ತಿರುಗಿ ನೋಡಿ ನೆನಪಿಟ್ಟುಕೊಳ್ಳುತ್ತೇನೆ. ವಾಪಸ್ ಬರುವಾಗ ಮೊದಲು ತುಂಬುವುದು ಅವೇ.

ತಿಳಿದವರಿಗೂ ಇದು ತಪ್ಪಿದ್ದಲ್ಲ. ಸ್ಕಾಟ್ಲೆಂಡಿನ ಅರ್ಬ್ರೋತ್‌ನಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಬೆಲ್ ರಾಕ್ ಅನ್ನುವ ಬಂಡೆ ಇದೆ. ಉಬ್ಬರ ಬಂದರೆ ಅದು ಪೂರ್ತಿ ಮುಳುಗುತ್ತದೆ. ಅಲ್ಲಿ ಲೈಟ್‌ಹೌಸ್ ಕಟ್ಟಲು ಹೊರಟವರು ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್. 1807ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಬಂಡೆಯ ಮೇಲೆ 32 ಜನ ಕೆಲಸ ಮಾಡುತ್ತಿದ್ದರು. ಅವರ ಹಡಗು ಲಂಗರಿನಿಂದ ಕಳಚಿಕೊಂಡು ತೇಲಿಹೋಯಿತು. ಸ್ಟೀವನ್‌ಸನ್ ಅದನ್ನು ಗಮನಿಸಿದರು. ಕೆಲಸಗಾರರು ತಲೆ ತಗ್ಗಿಸಿ ಬಂಡೆ ಕೊರೆಯುತ್ತಲೇ ಇದ್ದರು. ನೀರು ಏರಿ ಕೆಲಸ ನಿಂತಾಗ ನೋಡಿದರೆ ಉಳಿದದ್ದು ಎರಡೇ ದೋಣಿ. 32 ಜನಕ್ಕೆ ಅವು ಸಾಲುವುದಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಸ್ಟೀವನ್‌ಸನ್ ಏನೋ ಹೇಳಲು ಹೋದರೆ ನಾಲಿಗೆ ಒಣಗಿ ಮಾತೇ ಹೊರಡಲಿಲ್ಲ. ಬಂಡೆಯ ಗುಂಡಿಯಲ್ಲಿದ್ದ ನೀರಿನಲ್ಲಿ ಬಾಯಿ ಒದ್ದೆ ಮಾಡಿಕೊಂಡು ಏಳುವಷ್ಟರಲ್ಲಿ ಯಾರೋ "ದೋಣಿ, ದೋಣಿ" ಅಂತ ಕೂಗಿದರು. ದಡದಿಂದ ಕಾಗದ ಪತ್ರ ತಂದಿದ್ದ ದೋಣಿ ಅದು. ಅವತ್ತು ಅದು ಬಾರದೇ ಹೋಗಿದ್ದರೆ ಆ 32 ಜನರ ಕಥೆ ಬೇರೆ ಇರುತ್ತಿತ್ತು. ಲೈಟ್‌ಹೌಸ್ ಎದ್ದು ನಿಂತು ಅದರ ದೀಪ ಉರಿದದ್ದು 1811ರ ಫೆಬ್ರವರಿ 1ರಂದು.

ಸ್ಟೀವನ್‌ಸನ್‌ಗೆ ಆ ಬಂಡೆಯ ಉಬ್ಬರ ಇಳಿತ ನಿಮಿಷ ನಿಮಿಷವೂ ಗೊತ್ತಿತ್ತು. ಆದರೂ ವಾಪಸ್ ಬರಲು ಇದ್ದದ್ದು ಒಂದೇ ಹಡಗು. ಆದ್ದರಿಂದಲೇ ದೋಣಿಯಲ್ಲಿ ಹೋಗುವವರಿಗೂ ನಾನು ಹೇಳುವುದು, ಹತ್ತುವ ಮೊದಲೇ ಕೇಳಿ. ಕೊನೆಯ ದೋಣಿ ಎಷ್ಟಕ್ಕೆ? ಅಲೆ ಜೋರಾದರೆ ಏನು ಮಾಡುತ್ತೀರಿ? ಎಲ್ಲಿಂದ ಹತ್ತಿಸಿಕೊಳ್ಳುತ್ತೀರಿ? ಬಂಡೆಗೆ ಇಳಿಯುವಾಗ ದೋಣಿ ಅಲೆಯ ನೆತ್ತಿಗೆ ಬಂದ ಕ್ಷಣದಲ್ಲಿ ಒಂದೇ ಹೆಜ್ಜೆಯಲ್ಲಿ ದಾಟಬೇಕು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ಯೋಚಿಸಬಾರದು. ದೋಣಿಗೂ ಬಂಡೆಗೂ ನಡುವೆ ಕೈ ಇಡಲೇಬಾರದು.

ದ್ವೀಪದ ಬಂಡೆಗಳನ್ನು ಸ್ವಲ್ಪ ಓದಲು ಕಲಿತರೆ ನಡೆಯುವುದು ಸುಲಭ. ಬಿಳಿ ಚುಕ್ಕೆಗಳ ಹಾಗೆ ಬಂಡೆಗೆ ಅಂಟಿಕೊಂಡ ಚೂಪು ಚಿಪ್ಪುಗಳಿರುತ್ತವೆ, ಬಾರ್ನಕಲ್ ಅನ್ನುತ್ತಾರೆ. ಅಲ್ಲಿ ಚಪ್ಪಲಿಗೆ ಒಳ್ಳೆಯ ಹಿಡಿತ ಸಿಗುತ್ತದೆ, ಬರಿಗಾಲಾದರೆ ಕುಯ್ಯುತ್ತದೆ. ಹಸಿರು ಪಾಚಿ ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಾನು ಹೆಚ್ಚು ಜನ ಜಾರಿ ಬಿದ್ದದ್ದನ್ನು ನೋಡಿರುವುದು ಒದ್ದೆಯಾದ ಕಪ್ಪು ಪಟ್ಟಿಯ ಮೇಲೆ. ಅದು ಬಂಡೆಯ ಬಣ್ಣದ ಹಾಗೇ ಕಾಣುತ್ತದೆ, ಮುಟ್ಟಿದರೆ ಲೋಳೆ. ಈ ಬಣ್ಣಗಳು ಇನ್ನೊಂದನ್ನೂ ಹೇಳುತ್ತವೆ. ಬಿಳಿ ಚಿಪ್ಪು ಇರುವಲ್ಲಿಗೆ ನೀರು ಬಂದೇ ಬರುತ್ತದೆ. ಕಪ್ಪು ಪಟ್ಟಿಗೆ ಅಲೆಯ ಸಿಡಿತ ತಲುಪುತ್ತದೆ. ಗಿಡ, ಹುಲ್ಲು ಬೇರು ಬಿಟ್ಟ ಕಡೆ ಬುತ್ತಿ ಬಿಚ್ಚಿ ಕೂರಬಹುದು. ಆದರೆ ಮೊದಲು ಹಕ್ಕಿಗಳ ಗೂಡು ನೋಡಿ. ಎಷ್ಟೋ ಕಡಲ ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ತಲೆಯ ಮೇಲೆ ಹಕ್ಕಿ ಕೂಗುತ್ತಾ ಸುತ್ತಿದರೆ ನೀವು ಅದರ ಮನೆಯೊಳಗೆ ನಿಂತಿದ್ದೀರಿ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ತಾಯಿ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.

ಇನ್ನು ಸುತ್ತಲಿನ ಬೀಚುಗಳು. ದ್ವೀಪ ಎದುರಿಗಿದ್ದರೆ ಬೀಚು ಶಾಂತವಾಗಿರುತ್ತದೆ ಅನ್ನುವ ನಂಬಿಕೆ ಇದೆ. ಅರ್ಧ ನಿಜ. ದ್ವೀಪದ ಮರೆಯಲ್ಲಿ ಅಲೆ ಕಡಿಮೆ. ಆದರೆ ಅಲೆಗಳು ದ್ವೀಪವನ್ನು ಎರಡೂ ಕಡೆಯಿಂದ ಬಳಸಿಕೊಂಡು ಬಂದು ಹಿಂದೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅವು ತಂದು ಹಾಕುವ ಮರಳಿನಿಂದಲೇ ಎಷ್ಟೋ ದ್ವೀಪಗಳಿಗೆ ನಡೆದು ಹೋಗುವ ದಿಬ್ಬ ಹುಟ್ಟಿದೆ. ಆ ಜಾಗದಲ್ಲಿ ಮಂಡಿಯಷ್ಟು ನೀರಿನಲ್ಲಿ ನಿಂತವರನ್ನೂ ಎರಡು ಅಲೆ ಎರಡು ಕಡೆಯಿಂದ ಬಂದು ಬೀಳಿಸುತ್ತವೆ.

ಜೀವ ತೆಗೆಯುವುದು ಹೆಚ್ಚಾಗಿ ಹೊರಸೆಳೆತ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಕಿರಿದಾದ ದಾರಿ ಹುಡುಕಿಕೊಳ್ಳುತ್ತದೆ. ಬಂಡೆ, ತಡೆಗೋಡೆಗಳ ಪಕ್ಕದಲ್ಲಿ ಈ ಸೆಳೆತ ಹೆಚ್ಚುಕಡಿಮೆ ಕಾಯಂ ಇರುತ್ತದೆ. ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಎರಡೂ ಕಡೆ ಅಲೆ ನೊರೆ ನೊರೆಯಾಗಿ ಒಡೆಯುತ್ತಿರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ. ನೀರು ಸ್ವಲ್ಪ ಗಾಢ, ಅಥವಾ ಮರಳು ಕದಡಿ ಮಬ್ಬು. ಮಕ್ಕಳನ್ನು ಇಳಿಸಲು ಅದೇ ಒಳ್ಳೆಯ ಜಾಗ ಅಂತ ಕಣ್ಣು ಹೇಳುತ್ತದೆ. ಸೆಳೆತ ಇರುವುದು ಅಲ್ಲೇ. ಜೋರಾದಾಗ ಅದು ಸೆಕೆಂಡಿಗೆ ಎರಡು ಮೀಟರ್‌ಗೂ ಜಾಸ್ತಿ ವೇಗದಲ್ಲಿ ಹರಿಯಬಹುದು. ಒಲಿಂಪಿಕ್ ಈಜುಗಾರನೂ ಎದುರು ಈಜಿ ಗೆಲ್ಲುವುದು ಕಷ್ಟ. ಸಿಕ್ಕಿಕೊಂಡರೆ ಅದು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಬೆನ್ನ ಮೇಲೆ ತೇಲಿ. ಉಸಿರು ಹಿಡಿತಕ್ಕೆ ಬರಲಿ. ಕೈ ಎತ್ತಿ ಕೂಗಿ. ಆಮೇಲೆ ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ. ಪಕ್ಕದಲ್ಲಿ ಬಂಡೆ ಇದ್ದರೆ ಬಂಡೆಯಿಂದ ದೂರಕ್ಕೆ. ದಡದಲ್ಲಿ ನಿಂತವರು ದಯವಿಟ್ಟು ಹಾಗೇ ನೀರಿಗೆ ಹಾರಬೇಡಿ. ಕಾಪಾಡಲು ಹೋದವರೇ ಮುಳುಗಿದ್ದು ಎಷ್ಟೋ ಸಲ ಆಗಿದೆ. ಖಾಲಿ ಕ್ಯಾನ್, ಚೆಂಡು, ಐಸ್‌ಬಾಕ್ಸ್, ತೇಲುವ ಏನನ್ನಾದರೂ ಎಸೆಯಿರಿ.

ಲೈಫ್‌ಗಾರ್ಡ್ ಇದ್ದರೆ ಕೆಂಪು ಹಳದಿ ಬಾವುಟಗಳ ನಡುವೆಯೇ ಈಜಿ. ದಡದಿಂದ ಸಮುದ್ರದ ಕಡೆಗೆ ಗಾಳಿ ಬೀಸುವ ದಿನ ಗಾಳಿ ತುಂಬಿದ ಆಟಿಕೆ, ಟ್ಯೂಬು, ಪ್ಯಾಡಲ್ ಬೋರ್ಡ್ ಬೇಡ. ಅಂಥ ದಿನ ನೀರು ದಡದ ಹತ್ತಿರ ಕನ್ನಡಿಯ ಹಾಗೆ ಇರುತ್ತದೆ, ಅದೇ ಅಪಾಯ. ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಅದರ ಅರ್ಥವೂ ಇದೇ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಜನರನ್ನು ಕರೆದುಕೊಂಡು ಹೋಗುತ್ತಲೇ ಇದ್ದೇನೆ. ಗೋಪುರ ಹತ್ತಿ ನಿಂತಾಗ ಸಿಗುವ ನೋಟ ದಡದಲ್ಲಿ ಸಿಗುವುದಿಲ್ಲ. ಬೀಚಿನಲ್ಲಿ ನಿಂತವರಿಗೆ ಸಮುದ್ರದ ಅಂಚು ಕಾಣುವುದು ನಾಲ್ಕೂವರೆ ಕಿಲೋಮೀಟರ್ ದೂರಕ್ಕೆ. ಇಪ್ಪತ್ತೈದು ಮೀಟರ್ ಮೇಲೆ ಹತ್ತಿದರೆ ಸುಮಾರು ಹದಿನೆಂಟು. ಸೇಂಟ್ ಮೇರೀಸ್‌ನಲ್ಲಿ 137 ಮೆಟ್ಟಿಲು. ಫ್ರಾನ್ಸಿನ ಕೊರ್ದುವಾನ್ ಗೋಪುರದಲ್ಲಿ 301. ಅದು 1611ರಲ್ಲಿ ಕಟ್ಟಿ ಮುಗಿಸಿದ್ದು. ಇವತ್ತಿಗೂ ಜನ ದೋಣಿಯಿಂದ ಇಳಿದು ಮರಳಿನ ಮೇಲೆ ನಡೆದು ಅಲ್ಲಿಗೆ ಹೋಗುತ್ತಾರೆ. 1823ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಫ್ರೆನೆಲ್ ತಮ್ಮ ಹೊಸ ಮಸೂರವನ್ನು ಮೊದಲು ಕೂರಿಸಿದ್ದು ಅಲ್ಲೇ. ಉಂಗುರ ಉಂಗುರವಾಗಿ ಜೋಡಿಸಿದ ಗಾಜು, ಎಲ್ಲ ಕಡೆ ಚೆದುರುವ ಬೆಳಕನ್ನು ಒಟ್ಟುಮಾಡಿ ದೂರಕ್ಕೆ ಕಳಿಸುತ್ತದೆ. ಹಳೆಯ ಮಸೂರ ಉಳಿದಿರುವ ಗೋಪುರ ಸಿಕ್ಕರೆ ಅದರ ಎದುರು ಐದು ನಿಮಿಷ ನಿಲ್ಲಿ. ಬೆರಳಷ್ಟು ದಪ್ಪದ ಗಾಜಿನ ಅಂಚಿನಲ್ಲಿ ಹಗಲಿನ ಬೆಳಕೇ ಬಣ್ಣ ಬಣ್ಣವಾಗಿ ಒಡೆದು ಕಾಣುತ್ತದೆ. ಮುಟ್ಟಬೇಡಿ, ಕೈಯ ಎಣ್ಣೆಯ ಗುರುತು ಅದಕ್ಕೆ ಒಳ್ಳೆಯದಲ್ಲ.

ದಡಕ್ಕೆ ವಾಪಸ್ ಬಂದವರನ್ನು ಸಾಧ್ಯವಾದರೆ ಕತ್ತಲಾಗುವವರೆಗೆ ನಿಲ್ಲಿಸಿಕೊಳ್ಳುತ್ತೇನೆ. ಪ್ರತಿ ಲೈಟ್‌ಹೌಸಿಗೂ ಅದರದೇ ಮಿನುಗು ಇರುತ್ತದೆ. ಒಂದು ಐದು ಸೆಕೆಂಡಿಗೊಮ್ಮೆ, ಇನ್ನೊಂದು ಎರಡು ಸಲ ಮಿನುಗಿ ಇಪ್ಪತ್ತು ಸೆಕೆಂಡು ಕತ್ತಲು. ನಾವಿಕರು ಅದನ್ನು ಎಣಿಸಿ ತಾವು ಎಲ್ಲಿದ್ದೇವೆ ಅಂತ ತಿಳಿದುಕೊಳ್ಳುತ್ತಾರೆ. ಅವತ್ತು ಆರು ಗಂಟೆ ಕಾದು ಬಂದ ಆ ಹುಡುಗಿಯೂ ಎಣಿಸಿದಳು. ಕಂಬಳಿ ಹೊದ್ದು, ಅಮ್ಮನ ತೊಡೆಯ ಮೇಲೆ ಕೂತು, ಬೆರಳು ಮಡಚುತ್ತಾ. ಏಳು ಬಂತು. ಅಪ್ಪ ಎಣಿಸಿದಾಗ ಎಂಟು ಬಂತು. ಮತ್ತೆ ಮೊದಲಿನಿಂದ ಶುರು ಮಾಡಿದರು.