ಬೂರುಗದ ಮರದವರೆಗೆ

ಹೋದ ವರ್ಷ ಅಣ್ಣ ಅಮ್ಮನಿಗೆ ಹೆಜ್ಜೆ ಎಣಿಸುವ ವಾಚು ತಂದುಕೊಟ್ಟ. ದಿನಕ್ಕೆ 10,000 ಅಂತ ಗುರಿಯನ್ನೂ ಅವನೇ ಹಾಕಿಟ್ಟ. ಅಮ್ಮನಿಗೆ 76. ಮುಂಬಯಿಯ ಮುಲುಂಡಿನ ನಮ್ಮ ಪುಟ್ಟ ಮನೆಯಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡಿ ಲೆಕ್ಕ ತುಂಬಿಸತೊಡಗಿದಳು. ಎರಡನೇ ವಾರಕ್ಕೆ ವಾಚು ದೇವರ ಗೂಡಿನ ಪಕ್ಕ ಸೇರಿತು. "ಜೈಲಿನಲ್ಲಿ ತಿರುಗಿದ ಹಾಗಾಗ್ತದೆ" ಅಂದಳು.

ಆ ಹತ್ತು ಸಾವಿರ ಯಾವ ಡಾಕ್ಟರೂ ಲೆಕ್ಕ ಹಾಕಿ ಹೇಳಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. ಮಾನ್‌ಪೊ-ಕೆಯಿ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. 2019ರಲ್ಲಿ ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರ ನಡಿಗೆಯನ್ನು ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗಿಂತ 4,400ರಷ್ಟು ಹಾಕುವವರಲ್ಲಿ ಸಾವು ಸಾಕಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಣ್ಣನಿಗೆ ಇದನ್ನು ಹೇಳಿದೆ. ಅವನು ಗುರಿಯನ್ನು 7,500ಕ್ಕೆ ಇಳಿಸಿದ! ವಾಚು ಮಾತ್ರ ಗೂಡಿನ ಪಕ್ಕವೇ ಉಳಿಯಿತು.

ಅಮ್ಮನನ್ನು ಹೊರಗೆ ಎಳೆದದ್ದು ಒಂದು ಹೂವು. ಫೆಬ್ರವರಿ ಕೊನೆಯಲ್ಲಿ ತರಕಾರಿಯ ಚೀಲದ ಜೊತೆ ನಾನು ಒಂದು ಬೂರುಗದ ಹೂ ಎತ್ತಿಕೊಂಡು ಬಂದಿದ್ದೆ. ಅಂಗೈ ತುಂಬುವಷ್ಟು ದೊಡ್ಡದು. ಮೇಣ ಸವರಿದಂಥ ಐದು ದಪ್ಪ ಕೆಂಪು ಎಸಳು, ನಡುವೆ ಕೇಸರಗಳ ಕಟ್ಟು, ಕೆಳಗೆ ಚಿಕ್ಕ ಬಟ್ಟಲಿನಂಥ ಹಸಿರು ತೊಟ್ಟು. ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು. "ಇದು ಇಲ್ಲಿ ಎಲ್ಲಿತ್ತೇ? ಶಿರಸಿಯಲ್ಲಿ ಇದರ ಹತ್ತಿಯದೇ ದಿಂಬು ನಮಗೆ." ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಚಪ್ಪಲಿ ಹಾಕಿ ನಿಂತಿದ್ದಳು.

ಮರ ಇರುವುದು ಎರಡು ತಿರುವು ಆಚೆ. ಎಲೆ ಒಂದೂ ಇಲ್ಲ, ಬರೀ ಹೂ. ಎಲೆಯ ಮರೆ ಇಲ್ಲದ್ದರಿಂದ ಹಕ್ಕಿಗಳಿಗೆ ದೂರದಿಂದಲೇ ಕೆಂಪು ಕಾಣುತ್ತದೆ. ಬಟ್ಟಲಿನ ಮಕರಂದಕ್ಕೆ ಕಾಗೆ, ಮೈನಾ, ಚಳಿಗಾಲಕ್ಕೆ ವಲಸೆ ಬಂದ ಗುಲಾಬಿ ಮೈನಾಗಳ ದಂಡು ಎಲ್ಲ ಬರುತ್ತವೆ. ತಲೆಗೆ ಹಳದಿ ಪರಾಗ ಮೆತ್ತಿಕೊಂಡು ಮುಂದಿನ ಮರಕ್ಕೆ ಹಾರುತ್ತವೆ. ಕೆಳಗೆ ನಿಂತರೆ ಆಗಾಗ ಥಪ್ ಅಂತ ಒಂದು ಹೂ ಬೀಳುತ್ತದೆ. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮರಾಠಿ ಆಜಿ "ಕಾಟೇಸಾವರ" ಅಂದರು. ಅಮ್ಮ "ಬೂರುಗ" ಅಂದಳು. ಗೆಳೆತನಕ್ಕೆ ಅಷ್ಟು ಸಾಕಾಯಿತು.

ಅದರ ಪಕ್ಕದ ಅರಳಿಮರ ಇನ್ನೊಂದು ಸೋಜಿಗ. ಹಳೇ ಎಲೆ ಉದುರಿಸಿ, ಮಾರ್ಚ್ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಮಳೆ ಬರಲು ಇನ್ನೂ ಮೂರು ತಿಂಗಳಿದೆ, ಈಗಲೇ ಯಾಕೆ ಈ ಅವಸರ? ಬೇರು ಆಳದಲ್ಲಿರುವುದರಿಂದ ಮರಕ್ಕೆ ನೀರಿನ ಚಿಂತೆ ಕಡಿಮೆ. ಮಳೆಗಾಲದಲ್ಲಿ ಹುಳಹುಪ್ಪಟೆ ಜಾಸ್ತಿ. ಅಷ್ಟರೊಳಗೆ ಎಲೆ ಬಲಿತು ಗಟ್ಟಿಯಾಗಿದ್ದರೆ ಮರಕ್ಕೇ ಲಾಭ, ಅಲ್ವಾ? ಚಿಗುರಿನ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು. ಹಸಿರು ತುಂಬುವ ತನಕ ಎಳೆ ಎಲೆಗೆ ಅದೇ ಬಿಸಿಲ ಕೊಡೆ. ಅಮ್ಮ ನಾಲ್ಕು ದಿನಕ್ಕೊಮ್ಮೆ ಹೋಗಿ ಬಣ್ಣ ಎಷ್ಟು ತಿರುಗಿತು ಅಂತ ನೋಡಿಕೊಂಡು ಬರುತ್ತಾಳೆ.

ಇದೇ ಹೊತ್ತಿಗೆ ಅವಳ ಮೈಯೊಳಗೂ ಕೆಲಸ ನಡೆದಿರುತ್ತದೆ. ನಲವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತದೆ, ಅರವತ್ತರ ನಂತರ ಇನ್ನಷ್ಟು ಬೇಗ. ಮೊದಲು ಬಾಧೆ ತಗಲುವುದು ತೊಡೆಗೆ. ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುವುದು ಅದಕ್ಕೇ. ಕಟ್ಟೆಯ ಮೇಲೆ ಕೂತು, ಕೈ ಊರದೆ ಎದ್ದು, ಮತ್ತೆ ಕೂರುವುದೇ ಒಳ್ಳೇ ವ್ಯಾಯಾಮ. ಹಕ್ಕಿ ನೋಡುವ ನೆಪದಲ್ಲಿ ಅಮ್ಮ ಅದನ್ನು ಎಂಟು ಹತ್ತು ಸಲ ಮಾಡಿರುತ್ತಾಳೆ, ಅವಳಿಗೆ ಗೊತ್ತೇ ಇರುವುದಿಲ್ಲ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಕಾಯ್ದುಕೊಳ್ಳುವ ಚಟುವಟಿಕೆ ಮಾಡಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಮತೋಲ ಅಂದದ್ದಕ್ಕೆ ಒಂದು ಮಾತು. ನಾವು ಬೀಳದೆ ನಿಲ್ಲುವುದು ಕಣ್ಣು, ಒಳಕಿವಿ, ಪಾದ ಈ ಮೂರೂ ಕೊಡುವ ಸುದ್ದಿಯಿಂದ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ತಲೆ ಹಿಂದಕ್ಕೆ ವಾಲಿಸಿ ಮರದ ತುದಿ ನೋಡುವಾಗ ಒಳಕಿವಿಯ ಲೆಕ್ಕ ತಪ್ಪುತ್ತದೆ, ಕಣ್ಣಿಗೆ ನೆಲವೂ ಕಾಣುವುದಿಲ್ಲ. ಆಗಲೇ ಎದ್ದ ಪೇವರ್ ಬ್ಲಾಕ್ ಒಂದು ಕಾಲಿಗೆ ಸಿಕ್ಕಿದರೆ ಕತೆ ಮುಗಿಯಿತು. ಮುಂಬಯಿಯ ಫುಟ್‌ಪಾತಿನಲ್ಲಿ ಅದು ಸಿಗದೆ ಇರುವುದಿಲ್ಲ. ಮೊದಲ ವಾರವೇ ಅಮ್ಮ ಮುಗ್ಗರಿಸಿ ಮೊಣಕಾಲು ತರಚಿಕೊಂಡಳು, ನಾನು ಪಕ್ಕದಲ್ಲೇ ಇದ್ದರೂ. ಅಂದಿನಿಂದ ನಡೆಯುವಾಗ ನೆಲ ನೋಡುವುದು, ಮರ ನೋಡಬೇಕೆಂದರೆ ನಿಂತು ಏನನ್ನಾದರೂ ಹಿಡಿದುಕೊಳ್ಳುವುದು. ಬಿದ್ದ ಹೂ ಹೆಕ್ಕಲು ಬಗ್ಗಿದರೆ ಏಳುವುದೂ ನಿಧಾನ. ಬಿಪಿ ಮಾತ್ರೆ ತಗೊಳ್ಳುವವರಿಗೆ ಗಕ್ಕನೆ ಎದ್ದರೆ ತಲೆ ಸುತ್ತುವುದುಂಟು.

ಬಿಸಿಲಿಗೆ ಮುಂಚೆ ಮನೆ ಸೇರುವುದು ಇಲ್ಲಿ ಮುಖ್ಯ. ಈ ಊರಿನ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮುದುಕರಿಗೆ ಬಾಯಾರಿಕೆಯ ಅರಿವೂ ಕಡಿಮೆ. "ನಂಗೆ ದಾಹವೇ ಇಲ್ಲ" ಎಂಬ ಅಮ್ಮನ ಮಾತನ್ನು ನಾನು ನಂಬುವುದಿಲ್ಲ, ಬಾಟಲಿ ಕೈಗೆ ಕೊಡುತ್ತೇನೆ.

ನಡೆಯುವುದಷ್ಟೇ ಸಾಲದೇ, ಈ ಹೂವು ಹಕ್ಕಿ ಎಲ್ಲ ಯಾಕೆ ಅಂತ ಅಣ್ಣನ ಪ್ರಶ್ನೆ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 52 ಹಿರಿಯರನ್ನು ಎಂಟು ವಾರ, ವಾರಕ್ಕೊಮ್ಮೆ ಹದಿನೈದು ನಿಮಿಷ ನಡೆಸಿದರು. ಅರ್ಧ ಜನಕ್ಕೆ ಹೇಳಿದ್ದು ಇಷ್ಟೇ: ಬೆರಗಾಗುವಂಥದ್ದನ್ನು ಹುಡುಕಿ. ಎರಡೂ ಗುಂಪಿನವರು ದಾರಿಯಲ್ಲಿ ಸೆಲ್ಫಿ ತೆಗೆಯಬೇಕಿತ್ತು. ಬೆರಗು ಹುಡುಕಿದವರ ಚಿತ್ರದಲ್ಲಿ ವಾರ ಕಳೆದಂತೆ ಅವರ ಆಕೃತಿ ಚಿಕ್ಕದಾಗುತ್ತಾ, ಹಿಂದಿನ ಜಾಗ ದೊಡ್ಡದಾಗುತ್ತಾ ಬಂತು. ನಗು ಮಾತ್ರ ಅಗಲವಾಯಿತು. ಚಿಕ್ಕ ಅಧ್ಯಯನ, ನಿಜ. ಆದರೆ ಅಮ್ಮ ಈಗ ಫೋನಿನಲ್ಲಿ ತೆಗೆಯುವ ಚಿತ್ರಗಳಲ್ಲಿ ಅವಳ ಒಂದು ಕಿವಿ, ಉಳಿದದ್ದೆಲ್ಲ ಮರ.

ಈ ವಾರ ಕಂಚುಗಾರ ಹಕ್ಕಿಯ ಸದ್ದು ಶುರುವಾಗಿದೆ. ಟುಕ್ ಟುಕ್ ಟುಕ್, ಕಂಚು ಬಡಿದ ಹಾಗೆ. ಆಜಿ ಅದಕ್ಕೆ ತಾಂಬಟ ಅನ್ನುತ್ತಾರೆ, ತಾಮ್ರದ ಕೆಲಸದವನು. ಇಬ್ಬರೂ ಸೇರಿ ಹಕ್ಕಿ ಎಲ್ಲಿದೆ ಅಂತ ಹುಡುಕುತ್ತಾರೆ, ಸಿಗುವುದು ಕಷ್ಟ. ಬೂರುಗದಲ್ಲಿ ಹೂ ಮುಗಿದು ಕಾಯಿ ಕಟ್ಟಿದೆ. ಬಲಿತು ಬಿರಿದರೆ ಹತ್ತಿ ಗಾಳಿಗೆ ಹಾರುತ್ತದೆ. ಅಮ್ಮ ಈಗಲೇ ಒಂದು ಹಳೇ ದಿಂಬಿನ ಕವರು ಒಗೆದು ಒಣಗಿಸಿಟ್ಟಿದ್ದಾಳೆ.