ಮಿದಿರ್‌ನ ಎತ್ತುಗಳಿಗೆ ನೊಗ ಎಲ್ಲಿತ್ತು?

ಐರ್ಲೆಂಡಿನ ಹಳೆಯ ತಾಣಗಳನ್ನು ಜನರಿಗೆ ಸುತ್ತಾಡಿಸಿ ತೋರಿಸುವುದು ನನ್ನ ಕೆಲಸ. ಬಸ್ಸಿನಿಂದ ಇಳಿಯುತ್ತಲೇ ಯಾರಾದರೊಬ್ಬರು ಕೇಳುತ್ತಾರೆ: ‘ಎರಡು ಸಾವಿರ ವರ್ಷದ ಹಿಂದೆ ಸೆಲ್ಟ್ ಜನ ಹೀಗೇ ಬದುಕಿದ್ದರು, ಪುರಾಣದಲ್ಲೇ ಇದೆ, ಅಲ್ವಾ?’ ಸೆಲ್ಟರೆಂದರೆ ಐರ್ಲೆಂಡೂ ಸೇರಿ ಯುರೋಪಿನ ಹಲವೆಡೆ ಇದ್ದ ಹಳೆಯ ಜನ. ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ.

ಐರಿಷ್ ಪುರಾಣದ ವೀರ ಕೂ ಖುಲಿನ್ ಯಾರು, ಯಾವ ಹೋರಿಗಾಗಿ ಯುದ್ಧ ನಡೆಯಿತು ಎಂದು ಇಲ್ಲಿ ಹೇಳುವುದಿಲ್ಲ. ಒಂದೇ ಮಾತು ಹೇಳಬೇಕು. ಆ ಕಥೆಗಳಿಗೆ ಮೂರು ಕಾಲಗಳಿವೆ. ಕಥೆ ನಡೆಯುವುದು ಕ್ರಿಸ್ತನ ಕಾಲದ ಆಸುಪಾಸಿನಲ್ಲಿ. ಅದರ ಭಾಷೆ ಎಷ್ಟೋ ಕಡೆ 8–9ನೇ ಶತಮಾನದ್ದು. ಪೂರ್ತಿ ಐರಿಷ್‌ನಲ್ಲಿ ಬರೆದು ಇಂದಿಗೂ ಉಳಿದಿರುವ ಅತಿ ಹಳೆಯ ಪುಸ್ತಕ 1100ರ ಸುಮಾರಿನದು. ಅಂದರೆ ಕಥೆಗೂ ಕಾಗದಕ್ಕೂ, ಅಲ್ಲ, ಚರ್ಮದ ಹಾಳೆಗೂ ನಡುವೆ ಸಾವಿರ ವರ್ಷ! ಬರೆದವರು ಮಠದ ಕ್ರೈಸ್ತರು. ಅವರ ಅಜ್ಜಂದಿರ ಅಜ್ಜಂದಿರೂ ಕ್ರೈಸ್ತರೇ.

ಅವರ ಕೈವಾಡ ಅಲ್ಲಲ್ಲಿ ಎದ್ದು ಕಾಣುತ್ತದೆ. ಉತ್ತರ ಭಾಗದ ಅಲ್‌ಸ್ಟರಿನ ರಾಜ ಕೊನ್‌ಖೊವರ್ ಸಾಯುವುದು ಯೇಸುವನ್ನು ಶಿಲುಬೆಗೇರಿಸಿದ ಸುದ್ದಿ ಕೇಳಿ. ದ್ವೀಪಕ್ಕೆ ಮೊದಲು ಬಂದು ನೆಲೆಸಿದವಳು ಬೈಬಲ್ಲಿನ ನೋಹನ ಮೊಮ್ಮಗಳು. ವೀರರ ಕತ್ತಿಗಳನ್ನೂ ನೋಡಿ. ನೆಲ ಅಗೆದಾಗ ಸಿಕ್ಕ ಕಬ್ಬಿಣ ಯುಗದ, ಅಂದರೆ ಕಥೆ ನಡೆಯುವ ಕಾಲದ, ಐರಿಷ್ ಕತ್ತಿಗಳು ಗಿಡ್ಡ. ಕಥೆಯಲ್ಲಿ ಬೀಸುವ ಕತ್ತಿಗಳು ಉದ್ದ, ಬರೆದವರ ಕಾಲದವಕ್ಕೇ ಹತ್ತಿರ.

ಹಾಗಂತ ಎಲ್ಲವೂ ಸುಳ್ಳು ಎಂದರೆ ಅದೂ ತಪ್ಪು. ಔತಣದಲ್ಲಿ ಮಾಂಸದ ಒಳ್ಳೆಯ ತುಂಡು ಯಾರಿಗೆ ಸೇರಬೇಕೆಂದು ಐರಿಷ್ ವೀರರು ಹೊಡೆದಾಡುತ್ತಾರೆ. ಇಂದಿನ ಫ್ರಾನ್ಸ್ ಕಡೆಯ ಗಾಲ್ ಪ್ರಾಂತ್ಯದ ಸೆಲ್ಟರ ಬಗ್ಗೆ ಗ್ರೀಕ್ ಲೇಖಕ ಪೊಸಿಡೋನಿಯಸ್ ಕ್ರಿಸ್ತಪೂರ್ವದಲ್ಲೇ ಇದನ್ನೇ ಹೇಳಿದ್ದ. ಐರಿಷ್ ಕಥೆಗಳ ಲುಗ್ ದೇವರ ಹೆಸರೂ ಹಾಗೆ, ಗಾಲ್‌ನಲ್ಲಿ ಅವನು ಲುಗುಸ್. ಇಂಥ ಹೊರಗಿನ ಸಾಕ್ಷಿ ಇದ್ದರೆ ನಾನು ಧೈರ್ಯವಾಗಿ ಹೇಳುತ್ತೇನೆ. ಇಲ್ಲದಿದ್ದರೆ ‘ಇರಬಹುದು’ ಎನ್ನುತ್ತೇನೆ, ಅಷ್ಟೇ.

ಲಾಂಗ್‌ಫರ್ಡ್ ಕೌಂಟಿಯ ಕೋರ್ಲಿಯಾದಲ್ಲಿ ಜೌಗು ನೆಲದ ಕೆಳಗೆ ಓಕ್ ಹಲಗೆ ಹಾಸಿದ ದಾರಿ ಸಿಕ್ಕಿದೆ. ಮರದ ಉಂಗುರ ಎಣಿಸಿ ಹೇಳಿದ ವರ್ಷ ಕ್ರಿ.ಪೂ. 148. ಹಲಗೆಗಳ ಭಾರಕ್ಕೆ ಅದು ಬೇಗ ಮುಳುಗಿತು. ಇನ್ನು ಕಥೆ: ಎದೀನ್ ಎಂಬ ಹೆಣ್ಣಿಗಾಗಿ ಬಂದ ದೇವಲೋಕದ ಮಿದಿರ್, ರಾಜ ಎಯೋಖಿದ್‌ಗೆ ಒಂದೇ ರಾತ್ರಿಯಲ್ಲಿ ಜೌಗಿನ ಮೇಲೆ ದಾರಿ ಹಾಕಿಕೊಡಬೇಕಾಗುತ್ತದೆ. ಯಾರೂ ನೋಡಬಾರದು ಎಂಬ ಷರತ್ತು. ರಾಜ ಕದ್ದು ನೋಡಲು ಆಳನ್ನು ಕಳಿಸುತ್ತಾನೆ, ದಾರಿಯಲ್ಲಿ ದೋಷ ಉಳಿಯುತ್ತದೆ. ಆಳು ಇನ್ನೊಂದನ್ನೂ ಕಂಡಿದ್ದ: ಮಿದಿರ್‌ನ ಜನ ಎತ್ತುಗಳ ಹೆಗಲಿಗೆ ನೊಗ ಹೂಡಿದ್ದರು. ಅಲ್ಲಿಯವರೆಗೆ ಐರ್ಲೆಂಡಿನವರು ಹಣೆಗೆ ಕಟ್ಟುತ್ತಿದ್ದರಂತೆ.

ಮಗಳ ಮನೆಗೆ ಬಂದಿದ್ದ ಮಂಡ್ಯದ ಯಜಮಾನರೊಬ್ಬರಿಗೆ ಇದನ್ನು ಹೇಳಿದೆ. ಕತ್ತಿ, ದೇವರು ಯಾವುದಕ್ಕೂ ತಲೆ ಎತ್ತದವರು ಇಲ್ಲಿ ನಿಂತೇಬಿಟ್ಟರು. ‘ಅಲ್ಲ ಕಣವ್ವಾ, ಹಣೆಗೆ ಕಟ್ಟಿದ್ರೆ ಎತ್ತು ಎಷ್ಟು ಎಳೀತದೆ? ಬರೆದೋನು ಉತ್ತೋನೇ ಇರ್ಬೇಕು.’

ನನಗೆ ಆ ಮಾತು ತುಂಬ ಇಷ್ಟವಾಯಿತು. ಮಠಗಳಿಗೂ ಹೊಲ ಇತ್ತು, ದನ ಇತ್ತು. ಜೌಗು ಅಗೆಯುವಾಗ ಹಳೆ ಹಲಗೆ ಕಂಡು ಯಾರೋ ಕಥೆ ಕಟ್ಟಿರಬಹುದು. ಇಲ್ಲವೇ ದಾರಿಯ ನೆನಪೇ ಬಾಯಿಂದ ಬಾಯಿಗೆ ಬಂದಿರಬಹುದು. ಎರಡಕ್ಕೂ ಜಾಗ ಇದೆ ಎಂದೆ. ಅವರು ತಲೆ ಆಡಿಸಿದರು. ಆಮೇಲೆ ಹಲಗೆಗಳ ಮುಂದೆ ಬಗ್ಗಿ ನಿಂತು, ಕೊಡಲಿ ಏಟಿನ ಗುರುತು ಎಲ್ಲಿದೆ ಎಂದು ಹುಡುಕತೊಡಗಿದರು.